ಅಮ್ಮನ ಬೆನ್ನುಮೂಳೆಯ ಗಡ್ಡೆಗೆ ಸೂಜಿಯಿಂದ ಸಿಮೆಂಟ್ ತುಂಬಿಸುವ ಚಿಕಿತ್ಸೆ: ಮಾಡಿಸಬಹುದೇ?

ಪ್ರಶ್ನೆ
ತುಂಗೆಯ ದಡ:

ನನ್ನ ಅಮ್ಮನಿಗೆ 64 ವರ್ಷ. ಐದು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಆಗಿತ್ತು. ಆಮೇಲೆ ದಿನಕ್ಕೊಂದು ಮಾತ್ರೆ ನುಂಗುತ್ತಾ ಚೆನ್ನಾಗಿಯೇ ಇದ್ದಳು. ಕಳೆದ ದೀಪಾವಳಿಯ ಹೊತ್ತಿಗೆ ಬೆನ್ನಿನ ಕೆಳಭಾಗದಲ್ಲಿ ನೋವು ಶುರುವಾಯಿತು. ಅಡಿಕೆ ಸುಲಿಯಲು ಕೂತು ಕೂತು ಹೀಗಾಗಿದೆ ಎಂದು ಅವಳೂ ಹೇಳಿದಳು, ನಾವೂ ನಂಬಿದೆವು. ಎರಡು ತಿಂಗಳು ಎಣ್ಣೆ ಕಾಯಿಸಿ ಬೆನ್ನು ತಿಕ್ಕಿದ್ದೇವೆ. ಅದನ್ನು ನೆನೆದರೆ ಈಗ ನನ್ನ ಕೈ ನಡುಗುತ್ತದೆ.

ಸ್ಕ್ಯಾನ್ ಮಾಡಿಸಿದಾಗ ಎಲ್ 1 ಎಂಬ ಬೆನ್ನುಮೂಳೆಯಲ್ಲಿ ಗಡ್ಡೆ ಇರುವುದು, ಆ ಮೂಳೆಯ ಮುಂಭಾಗ ಒಂದಿಷ್ಟು ಕುಸಿದಿರುವುದು ಗೊತ್ತಾಯಿತು. ಬಲಗಡೆಯ ಪಕ್ಕೆಲುಬಿನಲ್ಲೂ ಒಂದು ಚುಕ್ಕೆ ಇದೆ, ಅಲ್ಲಿ ನೋವಿಲ್ಲ. ಆರು ವಾರಗಳ ಹಿಂದೆ ಬೆನ್ನಿಗೆ ಒಂದೇ ಸಲ 8 ಗ್ರೇ ವಿಕಿರಣ ಕೊಟ್ಟರು. ಅದಾದ ಮೂರನೆಯ ವಾರದಿಂದ ರಾತ್ರಿ ಮಲಗಿದಲ್ಲೇ ಕೊರೆಯುತ್ತಿದ್ದ ನೋವು ಬಹುಪಾಲು ಹೋಗಿದೆ. ಆದರೆ ಎದ್ದು ಕೂರಲು ಹೋದರೆ ಮಾತ್ರ ಯಾರೋ ಒಳಗಿನಿಂದ ಹಿಂಡಿದ ಹಾಗೆ ಆಗುತ್ತದೆ. ನಾಲ್ಕು ಗಂಟೆಗೊಂದರಂತೆ ಮಾರ್ಫಿನ್ ನಡೆದಿದೆ. ಮಲಗಿದ್ದಾಗ ಅದರಿಂದ ಸುಖ. ಕೂರುವಾಗಿನ ನೋವಿಗೆ ಸಾಕಾಗುವಷ್ಟು ಕೊಟ್ಟರೆ ಮಂಪರಿನಲ್ಲೇ ಇರುತ್ತಾಳೆ.

ಅಮ್ಮ ಈಗ ಒಂದು ಮಗ್ಗುಲಿಗೆ ಮಲಗಿಕೊಂಡೇ ಊಟ ಮಾಡುತ್ತಾಳೆ. ಮಂಚದ ಪಕ್ಕ ಸ್ಟೂಲು, ಅದರ ಮೇಲೆ ತಟ್ಟೆ. ಸಾರು ಅನ್ನ ಕೆನ್ನೆಯ ಮೇಲೆ ಇಳಿಯುತ್ತದೆ. ನಾವು ಒರೆಸಲು ಹೋದರೆ ಮುಖ ತಿರುಗಿಸುತ್ತಾಳೆ. ನಲವತ್ತು ವರ್ಷ ಊರಿಗೆಲ್ಲ ಬಡಿಸಿದವಳು.

ಘಟ್ಟದ ಕೆಳಗಿನ ಆಸ್ಪತ್ರೆಯ ವೈದ್ಯರು ಈಗ ಹೊಸದೊಂದು ದಾರಿ ಹೇಳಿದ್ದಾರೆ. ಬೆನ್ನಿನಿಂದ ಸೂಜಿ ತೂರಿಸಿ, ಗಡ್ಡೆಯನ್ನು ಒಳಗೇ ಸುಟ್ಟು, ಆ ಜಾಗಕ್ಕೆ ಸಿಮೆಂಟ್ ತುಂಬುವುದಂತೆ. ಕೊಯ್ಯುವುದಿಲ್ಲ, ಒಂದೆರಡು ದಿನದಲ್ಲಿ ಮನೆಗೆ ಬರಬಹುದು ಎಂದಿದ್ದಾರೆ. ಮನೆಯಲ್ಲಿ ಒಮ್ಮತವಿಲ್ಲ. ಗಡ್ಡೆಗೆ ಸೂಜಿ ಚುಚ್ಚಿದರೆ ಮೈಗೆಲ್ಲ ಹರಡುತ್ತದೆ ಎಂದು ದೊಡ್ಡಪ್ಪ ಹೇಳುತ್ತಾರೆ. ಇದೆಲ್ಲ ಹೊಸ ಪ್ರಯೋಗ, ನಮ್ಮ ಮೇಲೆ ಕಲಿಯುತ್ತಿದ್ದಾರೆ ಎನ್ನುವುದು ಭಾವನ ವಾದ. ಕಾಯಿಲೆ ಗುಣವಾಗುವುದಿಲ್ಲ ಎಂದು ಅವರೇ ಹೇಳಿದ ಮೇಲೆ ಈ ಹಿಂಸೆ ಯಾಕೆ ಎಂದು ಅಕ್ಕ ಅಳುತ್ತಾಳೆ. ಕಳೆದ ಸಲ ಆಗುಂಬೆ ಘಾಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಇಳಿಸಿದೆವು. ಹದಿನಾಲ್ಕು ತಿರುವುಗಳಲ್ಲೂ ಅಮ್ಮ ಸೆರಗು ಕಚ್ಚಿಕೊಂಡಿದ್ದಳು. ಮತ್ತೆ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಬೇಕೆಂದರೆ ನನಗೆ ಗಟ್ಟಿ ಕಾರಣ ಬೇಕು. ಇದನ್ನು ಮಾಡಿಸಿಕೊಂಡವರು, ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.


ಉತ್ತರ 1
ಹಾವೇರಿಯ ಟೀಚರ್:

ನಿಮ್ಮ ಅಕ್ಕನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಆ ಮಾತನ್ನು ನಾನೂ ಆಡಿದ್ದೆ.

ನಮ್ಮ ಯಜಮಾನರು ಬಸ್ ಚಾಲಕರು. ಮೂತ್ರಪಿಂಡದ ಕ್ಯಾನ್ಸರ್ ಅವರ ಬಲ ಸೊಂಟದ ಕೀಲಿನ ಬಟ್ಟಲಿಗೆ, ಅಂದರೆ ತೊಡೆಮೂಳೆಯ ಗುಂಡು ಕೂರುವ ಗುಳಿಗೆ ಇಳಿದಿತ್ತು. ಇಪ್ಪತ್ತೇಳು ವರ್ಷ ಬ್ರೇಕ್ ಒತ್ತಿದ ಕಾಲನ್ನು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಎಲ್ಲ ಮುಗಿದಂತೆ ಮಾತಾಡಿ, ನೋವಿಗೆ ಮಾತ್ರೆ ಬರೆದು ಕಳಿಸಿದರು. ಸೂಜಿಯ ಚಿಕಿತ್ಸೆ ಎಂಬುದೊಂದು ಇದೆ ಎಂದು ಐದು ತಿಂಗಳು ನಮಗೆ ಯಾರೂ ಹೇಳಲಿಲ್ಲ. ಆ ಐದು ತಿಂಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬೆಂಗಳೂರಿನಲ್ಲಿ ಒಬ್ಬ ರೇಡಿಯಾಲಜಿ ವೈದ್ಯರು ಇವರನ್ನು ನಿಲ್ಲಿಸಿ, "ನೋವು ಎಲ್ಲಿ, ಒಂದು ಬೆರಳಿನಲ್ಲಿ ತೋರಿಸಿ" ಎಂದರು. ಇವರು ತೊಡೆಸಂದಿನ ಮೇಲೆ ತೋರುಬೆರಳಿಟ್ಟರು. ಇನ್ನೊಮ್ಮೆ ಕೇಳಿದಾಗಲೂ ಬೆರಳು ಅಲ್ಲಿಗೇ ಹೋಯಿತು. ವೈದ್ಯರು ಸ್ಕ್ಯಾನಿನಲ್ಲಿ ಅದೇ ಜಾಗವನ್ನು ಹುಡುಕಿ, ಇಲ್ಲಿಗೆ ತಲುಪಬಹುದು ಎಂದರು. ಬೆರಳಿನಲ್ಲಿ ತೋರಿಸುವಂಥ ನೋವಿಗೆ ಈ ಚಿಕಿತ್ಸೆ ಚೆನ್ನಾಗಿ ಹೊಂದುತ್ತದೆ, ಅಂಗೈ ಸವರಿ "ಇಲ್ಲೆಲ್ಲ" ಎನ್ನುವ ನೋವಿಗೆ ಅಷ್ಟಾಗಿ ಅಲ್ಲ ಎಂದು ವಿವರಿಸಿದರು. ನಿಮ್ಮ ಅಮ್ಮನನ್ನೂ ಹಾಗೆ ಕೇಳಿ ನೋಡಿ.

ಮೂತ್ರಪಿಂಡದ ಗಡ್ಡೆಯಲ್ಲಿ ರಕ್ತ ಹೆಚ್ಚು. ಅದಕ್ಕಾಗಿ ಹಿಂದಿನ ದಿನ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಹಾಕಿ, ಗಡ್ಡೆಗೆ ಹೋಗುವ ರಕ್ತವನ್ನು ತಡೆದರು. ಮಾರನೆಯ ದಿನ ಸುಡಲಿಲ್ಲ, ಹೆಪ್ಪುಗಟ್ಟಿಸಿದರು. ಸೂಜಿಯೊಳಗೆ ಆರ್ಗಾನ್ ಅನಿಲ ಬಿಟ್ಟರೆ ಅದರ ತುದಿಯಲ್ಲಿ ಮಂಜಿನ ಉಂಡೆ ಕಟ್ಟುತ್ತದೆ. ಹತ್ತು ನಿಮಿಷ ಹೆಪ್ಪು, ಆಮೇಲೆ ಕರಗಲು ಬಿಡುವುದು, ಮತ್ತೆ ಹತ್ತು ನಿಮಿಷ ಹೆಪ್ಪು. ಆ ಉಂಡೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಮುಗಿದ ಮೇಲೆ ನನಗೂ ಚಿತ್ರ ತೋರಿಸಿದರು: ಗಡ್ಡೆಯ ಸುತ್ತ ನೇರಳೆ ಹಣ್ಣಿನ ಆಕಾರದ ಕಪ್ಪು ನೆರಳು. ಕಾಲಿನ ದೊಡ್ಡ ನರ ಅದರ ಹೊರಗೆ ಉಳಿದಿತ್ತು. ನಂತರ ಆ ಬಟ್ಟಲಿಗೆ ಸಿಮೆಂಟ್ ತುಂಬಿದರು.

ಮೊದಲ ಎರಡು ರಾತ್ರಿ ನೋವು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ನಾನು ಹೆದರಿ ನರ್ಸಮ್ಮನನ್ನು ಬೈದೂ ಬಿಟ್ಟೆ. ಇದು ಆಗುವುದೇ ಎಂದು ಆಕೆ ಸಮಾಧಾನವಾಗಿ ಹೇಳಿದರು. ಐದನೆಯ ದಿನ ಬೆಳಿಗ್ಗೆ ನಾನು ನೀರು ಕಾಯಿಸುತ್ತಿದ್ದಾಗ ಹಿತ್ತಲಲ್ಲಿ ಶಬ್ದವಾಯಿತು. ಹೋಗಿ ನೋಡಿದರೆ ಇವರು ವಾಕರ್ ಹಿಡಿದು ತುಳಸಿಕಟ್ಟೆಯ ಪಕ್ಕ ನಿಂತಿದ್ದರು. ಬಲಗಾಲು ನೆಲದ ಮೇಲಿತ್ತು.

ಆಮೇಲೆ ಹದಿನಾಲ್ಕು ತಿಂಗಳು ಬದುಕಿದರು. ಕಾಯಿಲೆ ನಿಲ್ಲಲಿಲ್ಲ, ಶ್ವಾಸಕೋಶಕ್ಕೆ ಹೋಯಿತು. ಆ ಸೊಂಟದ ನೋವು ಮಾತ್ರ ಕೊನೆಯವರೆಗೂ ಹಿಂದಿನಂತೆ ಮರಳಲಿಲ್ಲ. ಮಗಳ ಮದುವೆಯಲ್ಲಿ ನಿಂತು ಧಾರೆ ಎರೆದರು. ಗುಣವಾಗದ ಮೇಲೆ ಯಾಕೆ ಎಂದು ನಿಮ್ಮ ಅಕ್ಕ ಕೇಳುತ್ತಾರಲ್ಲ, ಇದಕ್ಕೇ. ಮಲಗಿ ಉಣ್ಣುವ ತಾಯಿಯನ್ನು ಕೂರಿಸಿ ಉಣ್ಣಿಸುವುದು ಚಿಕ್ಕ ಕೆಲಸವಲ್ಲ.


ಉತ್ತರ 2
ಸಿ.ಟಿ. ಕೋಣೆಯಿಂದ:

ನಾನು ವೈದ್ಯನಲ್ಲ. ಇಪ್ಪತ್ತೆರಡು ವರ್ಷ ಸ್ಕ್ಯಾನ್ ಯಂತ್ರ ನಡೆಸಿದ ತಂತ್ರಜ್ಞ. ಇಂಥ ಚಿಕಿತ್ಸೆಗಳಲ್ಲಿ ವೈದ್ಯರ ಪಕ್ಕದಲ್ಲೇ ಸೀಸದ ಏಪ್ರನ್ ತೊಟ್ಟು ನಿಂತಿದ್ದೇನೆ. ನೀವು ಬರೆದದ್ದರಲ್ಲಿ ಒಂದು ವಾಕ್ಯ ನನ್ನ ಕಣ್ಣಿಗೆ ಬಿತ್ತು. ವಿಕಿರಣದ ಮೇಲೆ ಮಲಗಿದಾಗಿನ ನೋವು ಹೋಯಿತು, ಕೂರುವಾಗಿನ ನೋವು ಉಳಿಯಿತು ಎಂದಿದ್ದೀರಿ. ಇವು ಎರಡು ಬೇರೆ ಬೇರೆ ನೋವುಗಳು.

ಗಡ್ಡೆಯ ಕೋಶಗಳು ಮೂಳೆಯನ್ನು ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಅಲ್ಲಿ ಹುಟ್ಟುವ ಆಮ್ಲ ಮತ್ತು ಉರಿಯೂತದ ರಾಸಾಯನಿಕಗಳು ಮೂಳೆಯ ಒಳಗಿನ, ಮೇಲ್ಪೊರೆಯ ನರಗಳನ್ನು ಕಾಡುತ್ತವೆ. ರಾತ್ರಿ ಹಗಲೆನ್ನದೆ ಕೊರೆಯುವ ನೋವು ಅದು. ವಿಕಿರಣ ಅದರ ಮೇಲೆ ಕೆಲಸ ಮಾಡುತ್ತದೆ. ಎರಡನೆಯದು, ಟೊಳ್ಳಾದ ಮೂಳೆ ಮೈಭಾರ ತಾಳಲಾರದೆ ಒಳಗೇ ಸಣ್ಣಗೆ ಅಲುಗಾಡಿ ಕುಸಿಯುವ ನೋವು. ಮಲಗಿದರೆ ಇರುವುದಿಲ್ಲ, ಎದ್ದರೆ ಬರುತ್ತದೆ. ಗೆದ್ದಲು ತಿಂದ ಕಂಬಕ್ಕೆ ಔಷಧಿ ಹೊಡೆದರೆ ಗೆದ್ದಲು ಸಾಯುತ್ತದೆ, ಆದರೆ ಕಂಬ ಗಟ್ಟಿಯಾಗಬೇಕಲ್ಲವೇ? ಸಿಮೆಂಟ್ ಇರುವುದು ಆ ಕಂಬಕ್ಕೆ. ನಿಮ್ಮ ವೈದ್ಯರು ಯೋಚಿಸಿಯೇ ಹೇಳಿದ್ದಾರೆ ಎಂದು ನನಗನ್ನಿಸುತ್ತದೆ.

ನಿಮ್ಮ ಭಾವನವರಿಗೆ ಹೇಳಿ, ಇದು ನಿನ್ನೆ ಮೊನ್ನೆಯದಲ್ಲ. ಬೆನ್ನುಮೂಳೆಗೆ ಸೂಜಿಯಿಂದ ಸಿಮೆಂಟ್ ತುಂಬಿದ್ದು ಮೊದಲು 1984ರಲ್ಲಿ, ಫ್ರಾನ್ಸಿನ ಆಮಿಯಾಂ ನಗರದಲ್ಲಿ. ಕುತ್ತಿಗೆಯ ಮೂಳೆಯೊಂದನ್ನು ರಕ್ತನಾಳಗಳ ಗಂಟು ತಿಂದುಹಾಕಿದ್ದ ಮಹಿಳೆಗೆ ಅದನ್ನು ಮಾಡಿದರು. ರೇಡಿಯೋ ತರಂಗದ ಶಾಖದಿಂದ ಮೂಳೆಯ ಗಡ್ಡೆ ಸುಡುವುದು 1990ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಶುರುವಾಯಿತು. ಅದೂ ಕ್ಯಾನ್ಸರಿಗಲ್ಲ, ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಪುಟ್ಟ ನಿರಪಾಯಕಾರಿ ಗಡ್ಡೆಗೆ. ಹೆಚ್ಚಾಗಿ ಹುಡುಗರಿಗೆ, ಹರೆಯದವರಿಗೆ ಬರುತ್ತದೆ. ರಾತ್ರಿ ಕಾಲು ಹಿಡಿದುಕೊಂಡು ಅಳುತ್ತಾರೆ, ಆಸ್ಪಿರಿನ್ ಜಾತಿಯ ಮಾತ್ರೆ ಕೊಟ್ಟರೆ ನಿದ್ದೆ ಹೋಗುತ್ತಾರೆ, ಮನೆಯವರು ಬೆಳವಣಿಗೆಯ ನೋವು ಎಂದುಕೊಳ್ಳುತ್ತಾರೆ. ಗಡ್ಡೆಯ ತಿರುಳು ತೊಗರಿಕಾಳಿನಷ್ಟು ಇರಬಹುದು. ಅದರೊಳಗೆ ಸೂಜಿಯ ತುದಿ ಇಟ್ಟು 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಆರು ನಿಮಿಷ ಸುಟ್ಟರೆ ಬಹುತೇಕ ಮಕ್ಕಳಿಗೆ ಅಲ್ಲಿಗೆ ಮುಗಿಯಿತು. ಒಬ್ಬ ಹುಡುಗ ಮಾರನೆಯ ಬೆಳಿಗ್ಗೆ ನನ್ನ ಹತ್ತಿರ ಬಂದು, "ಅಂಕಲ್, ನಾನು ಇಡೀ ರಾತ್ರಿ ಮಲಗಿದ್ದೆ" ಎಂದದ್ದನ್ನು ಮರೆತಿಲ್ಲ. ಆ ಅನುಭವವೇ ಮುಂದೆ ಕ್ಯಾನ್ಸರಿನ ನೋವಿಗೂ ಬಂತು. ಅಲ್ಲಿ ಗುಣಪಡಿಸಲು, ಇಲ್ಲಿ ನೋವು ಇಳಿಸಲು. ಆ ವ್ಯತ್ಯಾಸ ಮನೆಯವರಿಗೆಲ್ಲ ಗೊತ್ತಿರಲಿ.

ದೊಡ್ಡಪ್ಪನವರ ಭಯಕ್ಕೆ: ಸೂಜಿಯ ದಾರಿಯಲ್ಲಿ ಕೋಶ ಬೀಳುವುದು ತೀರಾ ಅಪರೂಪ. ನಿಮ್ಮ ತಾಯಿಯ ಕಾಯಿಲೆ ಮೂಳೆಗೆ ಬಂದದ್ದೇ ರಕ್ತದ ಮೂಲಕ. ಮುಂದೆ ಹರಡದಂತೆ ಹಿಡಿಯಬೇಕಾದದ್ದು ಔಷಧಿ, ಸೂಜಿ ಹಾಕದೆ ಬಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಕೋಣೆಯೊಳಗೆ ಏನಾಗುತ್ತದೆ ಎಂದು ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ. ಬೋರಲು ಮಲಗಿಸುತ್ತಾರೆ, ಎದೆಯ ಕೆಳಗೆ, ಸೊಂಟದ ಕೆಳಗೆ ದಿಂಬು. ಒಂದು ಗಂಟೆಗೂ ಹೆಚ್ಚು ಹಾಗೇ ಇರಬೇಕಾಗುತ್ತದೆ. ಈಗ ಬೋರಲು ಮಲಗಲು ಆಗುವುದೇ ಇಲ್ಲವಾದರೆ, ಕೆಮ್ಮು ಉಬ್ಬಸ ಇದ್ದರೆ, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ. ಮರಗಟ್ಟಿಸಿ, ಮಂಪರು ಬರಿಸಿ ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತಾರೆ. ಗೋಣಿಚೀಲ ಹೊಲಿಯುವ ದಬ್ಬಳದಷ್ಟು ದಪ್ಪದ ಸೂಜಿ. ಬೆನ್ನಿನ ಎರಡೂ ಬದಿಯಿಂದ, ಅಥವಾ ಒಂದೇ ಬದಿಯಿಂದ, ಮೂಳೆಯ ಕಿರಿದಾದ ಕತ್ತಿನ ಮೂಲಕ ಒಳಗೆ ಇಳಿಸುತ್ತಾರೆ. ಪ್ರತಿ ಹೆಜ್ಜೆಗೂ ಚಿತ್ರ ತೆಗೆದು ನೋಡುತ್ತಾರೆ. ಶಾಖ ಕೊಡುವಾಗ ನರದ ಪಕ್ಕದ ಉಷ್ಣತೆಯನ್ನು ಅಳೆಯುತ್ತಾರೆ. ಬೇಕಾದರೆ ನರಕ್ಕೂ ಗಡ್ಡೆಗೂ ನಡುವೆ ಗ್ಲೂಕೋಸ್ ನೀರನ್ನೋ ಇಂಗಾಲದ ಡೈ ಆಕ್ಸೈಡನ್ನೋ ಬಿಟ್ಟು ಅಂತರ ಮಾಡುತ್ತಾರೆ. ಸಲೈನ್ ಬಿಡುವುದಿಲ್ಲ, ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ.

ಆಮೇಲೆ ಸಿಮೆಂಟ್. ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ, ಮೂಳೆ ವೈದ್ಯರು ಮಂಡಿ ಬದಲಿಸುವಾಗ ಬಳಸುವ ಅಕ್ರಿಲಿಕ್. ಪುಡಿ ಮತ್ತು ದ್ರವವನ್ನು ಕಲಸಿದರೆ ಕೋಣೆಯಲ್ಲಿ ಉಗುರುಬಣ್ಣದಂಥ ಘಾಟು ವಾಸನೆ ಏಳುತ್ತದೆ. ಹಲ್ಲುಜ್ಜುವ ಪೇಸ್ಟಿನ ಹದಕ್ಕೆ ಬಂದಾಗ ನಿಧಾನವಾಗಿ ಒಳಗೆ ತಳ್ಳುತ್ತಾರೆ. ಕೆಲವೇ ಮಿಲಿಲೀಟರ್, ಒಂದು ಟೀ ಚಮಚದ ಆಸುಪಾಸು. ಮಿಕ್ಕ ಸಿಮೆಂಟಿನ ಒಂದು ಉಂಡೆಯನ್ನು ನಮ್ಮಲ್ಲಿ ಒಬ್ಬರು ಅಂಗೈಯಲ್ಲಿ ಹಿಡಿದಿರುತ್ತೇವೆ. ಅದು ಬೆಚ್ಚಗಾಗುತ್ತಾ ಹೋಗಿ, ಕೈಗವಸಿನ ಮೂಲಕವೂ ಬಿಸಿ ತಟ್ಟಿ, ಕೊನೆಗೆ ಮೇಜಿಗೆ ಬಡಿದರೆ ಟಕ್ ಎನ್ನುತ್ತದೆ. "ಗಟ್ಟಿಯಾಯಿತು ಸರ್" ಎನ್ನುತ್ತೇವೆ. ಆಮೇಲೆ ಒಂದೆರಡು ಗಂಟೆ ಅಂಗಾತ ಮಲಗಿಸಿ, ಸಾಮಾನ್ಯವಾಗಿ ಅದೇ ದಿನ ಸಂಜೆಯೋ ಮಾರನೆಯ ದಿನವೋ ಕೂರಿಸುತ್ತಾರೆ.

ಅಪಾಯವೇ ಇಲ್ಲ ಎಂದು ಹೇಳಲಾರೆ. ಸಿಮೆಂಟ್ ಒಂದಿಷ್ಟು ಹೊರಗೆ ಜಿನುಗುವುದನ್ನು ಆಗಾಗ ಕಂಡಿದ್ದೇನೆ. ಬಹುತೇಕ ಸಲ ರೋಗಿಗೆ ಅದು ಗೊತ್ತೂ ಆಗುವುದಿಲ್ಲ. ಅಪರೂಪಕ್ಕೆ ನರವನ್ನು ಒತ್ತಬಹುದು, ರಕ್ತನಾಳದ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು. ಆದ್ದರಿಂದ ವೈದ್ಯರನ್ನು ತಪ್ಪದೆ ಕೇಳಿ: ಆ ಮೂಳೆಯ ಹಿಂಗೋಡೆ ಗಟ್ಟಿಯಾಗಿದೆಯೇ? ಅದರ ಹಿಂದೆಯೇ ಬೆನ್ನುಹುರಿ ಇರುವುದು, ಎಲ್ 1ರ ಮಟ್ಟದಲ್ಲಿ ಹುರಿಯ ಕೊನೆಯ ತುದಿ ಇರುತ್ತದೆ. ಎಂ.ಆರ್.ಐ. ಹಳೆಯದಾಗಿದ್ದರೆ ಹೊಸದು ಬೇಕೇ ಎಂದೂ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಕಡಿಮೆ ಪ್ಲೇಟ್‌ಲೆಟ್, ಜ್ವರ ಇದ್ದರೆ ಮುಚ್ಚಿಡಬೇಡಿ.

ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ ಎಂದುಕೊಳ್ಳಿ. ಕಾಲಿನ ಬಲ ಕಡಿಮೆಯಾದರೆ, ಕಾಲು ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ನಾಳೆ ಎನ್ನಬೇಡಿ, ಅದೇ ಗಂಟೆ ಹೊರಡಿ. ಅದು ಹುರಿ ಒತ್ತುತ್ತಿರುವ ಲಕ್ಷಣ. ಆಗ ಈ ಸೂಜಿಯ ಚಿಕಿತ್ಸೆಯಲ್ಲ, ತುರ್ತು ಚಿಕಿತ್ಸೆ ಬೇಕು. ತಡವಾಗಿ ಬಂದು ಮತ್ತೆ ನಡೆಯಲಾಗದವರನ್ನು ಸ್ಟ್ರೆಚರಿನಿಂದ ಯಂತ್ರದ ಮೇಲೆ ಎತ್ತಿ ಮಲಗಿಸಿದವನು ನಾನು.

ಬೆನ್ನು ತಿಕ್ಕಿದ್ದಕ್ಕೆ ನೊಂದುಕೊಳ್ಳಬೇಡಿ. ಇನ್ನು ಮುಂದೆ ತಿಕ್ಕಬೇಡಿ.


ಉತ್ತರ 3
ನಾಗರಬಾವಿ:

ಮೇಲಿನ ಇಬ್ಬರೂ ಸರಿಯಾಗಿಯೇ ಬರೆದಿದ್ದಾರೆ. ಆದರೆ ಓದುವ ಎಲ್ಲರಿಗೂ ಇದು ಹೊಂದದು ಎಂಬುದೂ ಇಲ್ಲಿ ದಾಖಲಾಗಲಿ. ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗಳಲ್ಲಿ ಎಣಿಸಲಾರದಷ್ಟು ಕಡೆ. ಬೆರಳಿನಲ್ಲಿ ತೋರಿಸಿ ಎಂದಾಗ ಅವರು ಎರಡೂ ಕೈ ಎತ್ತಿ ಸುಮ್ಮನಾದರು. ಅವರಿಗೆ ನೆರವಾದದ್ದು ರಕ್ತನಾಳಕ್ಕೆ ಕೊಡುವ ಸಮೇರಿಯಂ ಎಂಬ ವಿಕಿರಣ ಔಷಧಿ, ಜೊತೆಗೆ ಸರಿಯಾದ ಪ್ರಮಾಣದ ಮಾರ್ಫಿನ್. ತೊಡೆಮೂಳೆ ಮುರಿಯುವ ಹಂತದಲ್ಲಿದ್ದಾಗ ಸಿಮೆಂಟ್ ಸಾಲದು, ಒಳಗೆ ಸರಳು ಹಾಕಬೇಕು ಎಂದು ಮೂಳೆ ವೈದ್ಯರು ಹೇಳಿದರು. ಸಿಮೆಂಟ್ ಮೇಲಿನಿಂದ ಬೀಳುವ ಭಾರವನ್ನು ತಾಳುತ್ತದೆ, ಬಾಗುವ ತಿರುಚುವ ಬಲವನ್ನಲ್ಲ ಎಂದು ಸೀಮೆಸುಣ್ಣದ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ತೋರಿಸಿದರು.

ಮಾರ್ಫಿನ್ ಎಂದರೆ ಕೊನೆಗಾಲ ಎಂದು ನಾವು ಹೆದರಿ ಎರಡು ತಿಂಗಳು ಕೊಡದೆ ಅವರನ್ನು ನರಳಿಸಿದೆವು. ಬೆಂಗಳೂರಿನ ಕರುಣಾಶ್ರಯದವರು ಆ ಭಯ ಬಿಡಿಸಿದರು. ಅಲ್ಲಿ ಆರೈಕೆ ಉಚಿತ, ಮನೆಗೂ ಬರುತ್ತಾರೆ. ಮಾರ್ಫಿನ್ ಜೊತೆ ಮಲಬದ್ಧತೆಗೆ ಔಷಧಿಯನ್ನು ಮೊದಲ ದಿನದಿಂದಲೇ ಕೊಡಿ. ಮುಕ್ಕರಿಸುವುದು ನಿಮ್ಮ ಅಮ್ಮನ ಬೆನ್ನಿಗೆ ಒಳ್ಳೆಯದಲ್ಲ. ಖರ್ಚಿನ ವಿಷಯಕ್ಕೆ, ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಪಡಿತರ ಚೀಟಿ, ಆಧಾರ್ ಹಿಡಿದು ಹೋಗಿ, ನಿಮ್ಮ ಚಿಕಿತ್ಸೆ ಸರ್ಕಾರದ ಯೋಜನೆಯೊಳಗೆ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.


ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ
ತುಂಗೆಯ ದಡ:

ಮೂವರಿಗೂ ಕೈ ಮುಗಿಯುತ್ತೇನೆ. ಅಂದೇ ರಾತ್ರಿ ಅಮ್ಮನನ್ನು ಕೇಳಿದೆ. ಕೈ ಹಿಂದಕ್ಕೆ ಹಾಕಿ, ಬೆನ್ನಿನ ನಡುವೆ ಒಂದೇ ಬೆರಳಿಟ್ಟಳು. ದೊಡ್ಡಪ್ಪ ಅದನ್ನು ನೋಡುತ್ತಾ ನಿಂತಿದ್ದರು, ಮತ್ತೆ ಮಾತಾಡಲಿಲ್ಲ. ಕಾರಿಗೆ ಡೀಸೆಲ್ ಹಾಕಿಸಿಕೊಂಡು ಬಂದವರು ಅವರೇ.

ಹಿಂಗೋಡೆ ಗಟ್ಟಿಯಾಗಿದೆಯೇ ಎಂದು ವೈದ್ಯರನ್ನು ಕೇಳಿದಾಗ, ಅವರು ಹೊಸ ಎಂ.ಆರ್.ಐ. ಪರದೆಯ ಮೇಲಿಟ್ಟು ನನಗೆ ತೋರಿಸಿದರು. ಹಿಂಗೋಡೆಯ ಕಪ್ಪು ಗೆರೆ ತುಂಡಾಗಿರಲಿಲ್ಲ. ಚಿಕಿತ್ಸೆ ಒಂದೂವರೆ ಗಂಟೆ ಹಿಡಿಯಿತು. ಸಿಮೆಂಟ್ ಪಕ್ಕದ ಸಣ್ಣ ರಕ್ತನಾಳಕ್ಕೆ ಕೂದಲೆಳೆಯಷ್ಟು ಹೋಗಿದೆ, ತೊಂದರೆಯಿಲ್ಲ ಎಂದು ಅವರೇ ಮುಚ್ಚಿಡದೆ ಹೇಳಿದರು. ಬೆನ್ನಿನ ಮೇಲೆ ಈಗ ಎರಡು ಚುಕ್ಕೆ ಗುರುತು ಬಿಟ್ಟರೆ ಏನೂ ಇಲ್ಲ.

ಪೂರ್ತಿ ಹೋಗಿಲ್ಲ. ಬಗ್ಗಿದರೆ ನೋಯುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಕೂತರೆ ಮಲಗಬೇಕು. ಮಾರ್ಫಿನ್ ಅರ್ಧಕ್ಕಿಂತ ಕಡಿಮೆಯಾಗಿದೆ, ಮಂಪರಿಲ್ಲ. ಮನೆಗೆ ಬಂದ ಮೂರನೆಯ ದಿನ ಅಕ್ಕ ಎಂದಿನಂತೆ ಮಂಚದ ಪಕ್ಕ ಸ್ಟೂಲು ಎಳೆದಳು. ಅದು ಬೇಡ, ಕುರ್ಚಿ ತಾ ಎಂದಳು ಅಮ್ಮ. ಊಟದ ಕೋಣೆಗೆ ಗೋಡೆ ಹಿಡಿದು ನಡೆದು ಬಂದು ಕೂತು, ಎಲೆಗೆ ನೀರು ಚಿಮುಕಿಸಿ ತಾನೇ ಒರೆಸಿಕೊಂಡಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದಳು. ಅಕ್ಕ ಉಪ್ಪು ತರಲು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಈಗ ಪಕ್ಕೆಲುಬಿನ ಆ ಚುಕ್ಕೆ ನೋಯಲು ಶುರುವಾಗಿದೆ. ಅದು ಭಾರ ಹೊರುವ ಮೂಳೆಯಲ್ಲ, ಅಲ್ಲಿಗೆ ಒಂದು ಸಲದ ವಿಕಿರಣ ಸಾಕು ಎಂದಿದ್ದಾರೆ. ಕ್ಯಾನ್ಸರ್ ಔಷಧಿಯನ್ನೂ ಬದಲಿಸಿದ್ದಾರೆ. ಬುಧವಾರ ಮತ್ತೆ ಘಟ್ಟ ಇಳಿಯಬೇಕು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸುತ್ತೇನೆ ಎಂದೆ. ಆಗುಂಬೆಯವರೆಗೆ ಮಲಗಿರುತ್ತೇನೆ, ಘಾಟಿಯಲ್ಲಿ ಎಬ್ಬಿಸಿ ಕೂರಿಸು, ಕಾಡು ನೋಡಬೇಕು ಎಂದಳು.